ಜಂತ್ರಡಿ

ಡಾಕ್ಟರು ಹೇಳಿದರು:
ಇನ್ನು ಮೇಲೆ ಉಪ್ಪು ಜಾಸ್ತಿ ತಿನ್ನಬೇಕು.
ನಕ್ಕುಬಿಟ್ಟೆ.
ಹೊಲಿಗೆಗಳೆಲ್ಲ ಒಟ್ಟಿಗೆ ಎಳೆದವು.

ಅವರಿಗೇನು ಗೊತ್ತು,
ಸಾಣಿಕಟ್ಟೆಯ ಆಗರದಲ್ಲಿ ಮೂವತ್ತೊಂದು ಬೇಸಿಗೆ
ಉಪ್ಪು ಎಳೆದವನು ನಾನು.
ಹಿಮ್ಮಡಿಯ ಬಿರುಕಲ್ಲಿ, ಉಗುರಿನ ಸಂದಿಯಲ್ಲಿ,
ಕೂಸನ್ನು ಎತ್ತಿ ಮುದ್ದಿಸಿದರೆ ಅದರ ಕೆನ್ನೆಯಲ್ಲೂ
ಅದೇ.

ದೊಡ್ಡ ಕರುಳು ಪೂರ್ತಿ ತೆಗೆದರಂತೆ.
ತಟ್ಟೆಯಲ್ಲಿಟ್ಟು ಗಣಪಿಗೆ ತೋರಿಸಿದರಂತೆ.
ಅವಳು ಹೇಳಿದ್ದು ಇಷ್ಟೆ:
"ನೋಡಿದೆ. ಮತ್ತೆ ಕೇಳಬೇಡಿ."

ಸಣ್ಣ ಕರುಳಿನ ತುದಿ ಈಗ
ಹೊಕ್ಕುಳ ಬಲಕ್ಕೆ, ಹೊರಗೆ,
ಸಿಪ್ಪೆ ಸುಲಿದ ಮುರುಗಲ ಹಣ್ಣಿನ ಹಾಗೆ ಕೆಂಪು, ಒದ್ದೆ.
ಮುಟ್ಟಿದರೆ ನೋವಿಲ್ಲ.
ಅದೇ ಹೆದರಿಕೆ.
ನನ್ನದೇ ಮೈಯ ತುಂಡು,
ನನ್ನ ಗುರುತೇ ಇಲ್ಲದ ಹಾಗೆ ಇರುತ್ತದೆ.

ಸಿಸ್ಟರ್ ರೋಜಲೀನ ಕಲಿಸಿದಳು:
ಚೀಲದ ಬಾಯಿಯನ್ನು ಅಳತೆಗೆ ಕತ್ತರಿಸುವುದು,
ಒರೆಸಿ, ಒಣಗಿಸಿ, ಅಂಟಿಸುವುದು,
ಮೇಲೆ ಅಂಗೈಯ ಕಾವು ಕೊಟ್ಟು ನೂರು ಎಣಿಸುವುದು.
ಮನೆಗೆ ಬಂದ ಮೊದಲ ವಾರ
ಎಣಿಸುತ್ತ ಎಣಿಸುತ್ತ ಗಂಟಲು ಕಟ್ಟಿತು.
ಎಪ್ಪತ್ತರಿಂದ ಮುಂದೆ ಗಣಪಿ ಎಣಿಸಿದಳು.

ಗಜನಿಯ ನೀರಿಗೆ ಉಬ್ಬರವಿದೆ, ಇಳಿತವಿದೆ.
ಹಲಗೆ ಎತ್ತುವ ಹೊತ್ತು ಇಂಥದೇ ಎಂದು
ತಿಥಿ ಕೇಳಿ ಹೇಳಬಲ್ಲೆ.
ಇದಕ್ಕೆ ಹುಣ್ಣಿಮೆಯಿಲ್ಲ, ಅಮಾವಾಸ್ಯೆಯಿಲ್ಲ.
ಕುಮಟೆಯ ಬಸ್ಸಿನಲ್ಲಿ,
ತಂಗಿಯ ಮಗಳ ಧಾರೆಯ ಹೊತ್ತಿಗೆ ಸರಿಯಾಗಿ,
ಪುರ್ರೆಂದು ತಾನೇ ಮಾತಾಡುತ್ತದೆ.
ಪಕ್ಕದವರು ಬೇರೆ ಕಡೆ ನೋಡುತ್ತಾರೆ.
ನಾನೂ.

ಒಂದೇ ಗಂಜಿ, ಎರಡು ತಾಟು.
ಬಿಪಿಯವಳದು ಸಪ್ಪೆ.
ನನ್ನದಕ್ಕೆ ಕಲ್ಲುಪ್ಪು ಅವಳೇ ಹಾಕುವುದು,
ತನ್ನ ಪಾಲನ್ನೂ ಸೇರಿಸಿ.

ಫೆಬ್ರವರಿಯಲ್ಲಿ ಆಗರಕ್ಕೆ ಹೋದೆ.
ಎಳೆಯುವ ಹಾಗಿಲ್ಲ, ಎತ್ತುವ ಹಾಗಿಲ್ಲ,
ಕೂತು ಚೀಲದ ಲೆಕ್ಕ ಬರೆಯುವ ಕೆಲಸ ಕೊಟ್ಟರು.
(ಚೀಲದ ಲೆಕ್ಕ! ಅದೊಂದು ಚೆನ್ನಾಗಿ ಬರುತ್ತದೆ.)
ಊಟದ ಹೊತ್ತಿಗೆ ಬುದವಂತ ಕೇಳಿಯೇಬಿಟ್ಟ,
"ಮತ್ತೆ ಎಲ್ಲಿಂದ ಹೋಗ್ತದೋ ಮಾರಾಯ?"
ಅಂಗಿ ಎತ್ತಿದೆ.
ಯಾರದೂ ಮಾತಿಲ್ಲ, ಗಾಳಿ ಮಾತ್ರ.
ಮುದುಕ ಹಮ್ಮಣ್ಣ ಬಗ್ಗಿ ನೋಡಿ, ಕವಳ ಉಗಿದು,
"ಜಂತ್ರಡಿ ಈಚೆಗೆ ತಂದು ಕಟ್ಟಿದ್ದಾರೆ, ಅಷ್ಟೆ" ಅಂದ.
ಅಂದಿನಿಂದ ನನ್ನ ಹೆಸರೇ ಅದು.

ರಾತ್ರಿ ಎರಡು ಸಲ ಎಚ್ಚರ.
ಕತ್ತಲಲ್ಲಿ ಕೈ ತಾನಾಗಿ ಹೋಗಿ ಭಾರ ನೋಡುತ್ತದೆ.
ಮಳೆಗಾಲದಲ್ಲಿ ಅಪ್ಪನೂ ಹೀಗೇ ಎದ್ದು
ಲಾಟೀನು ಹಿಡಿದು ಕಟ್ಟೆಯವರೆಗೆ ಹೋಗಿ ಬರುತ್ತಿದ್ದ.
"ಎಂತ ಆಯ್ತು?" ಅಂತ ಅವ್ವಿ ಕೇಳಿದರೆ,
"ಎಂತ ಇಲ್ಲ.
ಹಲಗೆ ನಿಂತದೆ. ಮಲಗು."