ಹನ್ನೆರಡರ ತನಕ

ಗೋದಲಿಯಲ್ಲಿ ಮಗುವಿಲ್ಲ ಇನ್ನೂ.
ಮಗು ಕಪಾಟಿನಲ್ಲಿದೆ, ಬಿಸ್ಕತ್ತಿನ ಡಬ್ಬಿಯಲ್ಲಿ,
ಹೋದ ಡಿಸೆಂಬರಿನ ಪೇಪರು ಹೊದ್ದುಕೊಂಡು.
ಕೋಡಿಬಾಗದ ನಮ್ಮ ಜಗಲಿಯಲ್ಲಿ
ಅಪ್ಪನ ಪಡಾವಿನ ಒಡೆದ ಹಲಗೆಯೇ ಕೊಟ್ಟಿಗೆಯ ಮಾಡು,
ಗರಟೆಯಲ್ಲಿ ಮೊಳೆಸಿದ ರಾಗಿ ಬೆತ್ಲೆಹೇಮಿನ ಹುಲ್ಲು.
ಕುರುಬರು ಮೂವರು. ಒಬ್ಬನಿಗೆ ಕಿವಿಯಿಲ್ಲ.

ಎಂಟೂವರೆಗೆ ಬರುತ್ತಾರೆ ರಹಮಿಮ್ ಪೆಣಕರ್,
ಒಂದು ಕೈಯಲ್ಲಿ ಟಾರ್ಚು, ಒಂದರಲ್ಲಿ ಮುಚ್ಚಿದ ತಟ್ಟೆ.
ಈ ಕಡೆಗೆಲ್ಲ ಒಂದೇ ಯಹೂದಿ ಮನೆ, ಮನೆಯಲ್ಲಿ ಅವರೊಬ್ಬರೇ.
ಹುಡುಗನಾಗಿದ್ದಾಗ ಸ್ಟೀಮರ್ ಕಂಪನಿಯ ಕಟ್ಟೆಯಲ್ಲಿ
ಕರಿಹಲಗೆಯ ಮೇಲೆ ಬರೆಯುವ ಕೆಲಸ:
ಮುಂಬಯಿ ಹಡಗು ನಾಲ್ಕು ತಾಸು ತಡ.
ಮುಂಬಯಿ ಹಡಗು ಒಂದು ದಿನ ತಡ.
ಬರುವುದಿಲ್ಲ ಎಂದು ಬರೆದದ್ದಿಲ್ಲ ಯಾವತ್ತೂ,
ಕಂಪನಿಗೆ ಬೀಗ ಬಿದ್ದ ದಿನವೂ.

"ತಡ ಬೇರೆ ತಂಗಿ, ಇಲ್ಲ ಬೇರೆ.
ನಮ್ಮ ಜನ ಬದುಕಿದ್ದು ಇವೆರಡರ ನಡುವಿನ
ಸಣ್ಣ ಜಾಗದಲ್ಲಿ."

ದಾವೀದನ ಮನೆತನದವನು ಬಂದರೆ
ಯಾರೂ ಬಂದು ಹೇಳಬೇಕಿಲ್ಲವಂತೆ, ತಾನಾಗಿ ಗೊತ್ತಾಗುತ್ತದಂತೆ.
"ಬಂದಾಗಿದ್ದರೆ," ಅರ್ಗಾದ ಕಡೆ ಕೈ ತೋರಿಸುತ್ತಾರೆ,
"ಗುಡ್ಡದಾಚೆ ನಿಂತ ಆ ಬೂದು ಹಡಗುಗಳ ಕಬ್ಬಿಣ
ಇಷ್ಟೊತ್ತಿಗೆ ನೇಗಿಲಾಗಬೇಕಿತ್ತು.
ನೇಗಿಲು ಬೇಡ,
ಬಲೆಗೆ ಕಟ್ಟುವ ಗುಂಡಾದರೂ."

ನನ್ನ ಹತ್ತಿರ ಉತ್ತರವಿಲ್ಲ. ಅಪ್ಪನದೊಂದಿದೆ:
ಹಡಗು ದಡಕ್ಕೆ ಬರುತ್ತಿರಲಿಲ್ಲ ಪೆಣಕರ್‌ಬಾಬ್,
ದೂರ ನೀರಲ್ಲೇ ನಿಲ್ಲುತ್ತಿತ್ತು.
ಕತ್ತಲಲ್ಲಿ ಹುಟ್ಟು ಹಾಕುತ್ತ ಹೋಗಿ
ಒಬ್ಬೊಬ್ಬರನ್ನೇ ತೋಳಿನಿಂದ ಇಳಿಸಿಕೊಳ್ಳುತ್ತಿದ್ದ ಅಪ್ಪ.
ಒಂದು ರಾತ್ರಿ ಇಳಿಸಿಕೊಂಡದ್ದು ಹಸಿಕೂಸು.
ರತ್ನಾಗಿರಿ ದಾಟಿದ ಮೇಲೆ ಹುಟ್ಟಿದ್ದು,
ಟಿಕೇಟಿಲ್ಲ, ನಿಮ್ಮ ಪಟ್ಟಿಯಲ್ಲಿ ಹೆಸರಿಲ್ಲ.
ಆದರೂ ಬಂದದ್ದು ಬಂದೇ ಇತ್ತಲ್ಲ?
ಸಾಮಾನು ಇಳಿಸುವುದಷ್ಟೇ ಬಾಕಿ.

ಪೆಣಕರ್ ನಕ್ಕರು, ಕೆಮ್ಮು ಬರುವಷ್ಟು.
"ಸಾಮಾನು ಇಳಿಸಲಿಕ್ಕೆ ಎರಡು ಸಾವಿರ ವರ್ಷವೇ!"
ಹಮಾಲರು ನಾವಲ್ಲವೇ ಬಾಬ್, ಅಂದೆ.

ನಾನು ಕೊಟ್ಟದ್ದು ನೆವ್ರಿ. ಅವರ ತಟ್ಟೆಯಲ್ಲಿ ಮಲೀದಾ:
ಅವಲಕ್ಕಿ, ಬೆಲ್ಲ, ಕಾಯಿತುರಿ, ಎರಡು ಖರ್ಜೂರ.
ಎಲಿಯಾಹು ನಬಿಯ ಹೆಸರಿನದ್ದು,
ಮುಂಚೆ ಬಂದು ಸುದ್ದಿ ಕೊಡುವವನು ಅವನಂತೆ.
"ನಿಮ್ಮ ಹಬ್ಬಕ್ಕಲ್ಲ ಮತ್ತೆ. ಮಂಡಿನೋವಿನ ಹರಕೆ."

ಆಮೇಲೆ ಮಾತಿಲ್ಲ.
ಇಬ್ಬರೂ ನೋಡುತ್ತ ಕೂತೆವು
ಹುಲ್ಲಿನ ನಡುವೆ ಅಂಗೈಯಷ್ಟು ಖಾಲಿ.
"ಹನ್ನೆರಡರ ತನಕ," ಅಂದರು, "ಇದು ನಮ್ಮಿಬ್ಬರದ್ದೂ."

ಮುಕ್ಕಾಲಾಗುತ್ತಲೇ ಏಳುವುದು ಅವರ ರೂಢಿ.
ಈ ಸಲ ಡಬ್ಬಿ ತೆರೆ ಎಂದರು.
ಬೊಗಸೆಯಲ್ಲಿ ಹಿಡಿದು, ಟಾರ್ಚಿನ ಬೆಳಕಲ್ಲಿ
ಮುಕ್ಕಾದ ಮೂಗು, ಮಾಸಿದ ಬೆರಳು ನೋಡಿ,
"ಏನೇ ಅನ್ನು, ಹುಡುಗ ನಮ್ಮ ಕಡೆಯವನು."
ವಾಪಸು ಕೊಟ್ಟು ಮೆಟ್ಟಿಲಿಳಿದರು.

ಕಾಳಿಯ ದಂಡೆಗುಂಟ ಟಾರ್ಚು ಸಣ್ಣದಾಗುತ್ತ ಹೋಯಿತು.
ಗಂಟೆ ಬಾರಿಸಿತು ಇಗರ್ಜಿಯಲ್ಲಿ.
ಮಗುವನ್ನು ಮಲಗಿಸಿದೆ. ಬಂದ, ಅಂದೆ.
ಹಾಗೆನ್ನುವಾಗ ನನ್ನ ದನಿ ನಡುಗಲಿಲ್ಲ.
ಆದರೂ ಆ ಟಾರ್ಚು ಮರೆಯಾಗುವ ತನಕ
ಬಾಗಿಲು ಹಾಕಲಿಲ್ಲ.

ಎಂಟನೇ ದಿನ, ಹೊಸ ವರ್ಷದ ಬೆಳಿಗ್ಗೆ,
ಆಟೋದಿಂದ ಇಳಿಸಿದರು ಒಂದು ಬೆತ್ತದ ಕುರ್ಚಿ.
"ಗಂಡುಕೂಸಿಗೆ ಎಂಟನೇ ದಿನ ನಮ್ಮಲ್ಲಿ ಕ್ರಮ ಉಂಟು,
ಎಲಿಯಾಹುವಿಗೆ ಕುರ್ಚಿ ಇಡದೆ ಮಾಡುವುದಿಲ್ಲ.
ನೀವು ಮರೆತದ್ದು. ಅವನಮ್ಮ ಮರೆತಿರಲಿಕ್ಕಿಲ್ಲ."
ಗೋದಲಿಯ ಎದುರಿಗಿಟ್ಟು, ಚಹಾ ನಿಂತೇ ಕುಡಿದು ಹೋದರು.

ಮೂರು ರಾಜರ ಹಬ್ಬವೂ ಕಳೆಯಿತು.
ರಾಗಿಪೈರು ಹಳದಿ, ಒಂಟೆಗಳು ಡಬ್ಬಿಯೊಳಗೆ.
ಕುರ್ಚಿ ಮಾತ್ರ ಅಲ್ಲೇ. ತೆಗೆಯುವುದು ಯಾರು?

ಬಿಸಿಲಲ್ಲಿ ಬೈತಕೋಲದಿಂದ ನಡೆದು ಬಂದಳು
ಶೇವಂತಿ ಹರಿಕಂತ್ರ, ತಲೆಯ ಮೇಲೆ ಬಂಗಡೆ.
"ಯಾರಿಗೆ ಇಟ್ಟದ್ದೇ ಇದು?"
ಬರುವವರಿಗೆ, ಅಂದೆ.
"ಬಂದೆನಲ್ಲ," ಎಂದಳು.
"ನೋಡುತ್ತ ನಿಂತೆಯಲ್ಲ, ಬುಟ್ಟಿ ಇಳಿಸಲಿಕ್ಕೆ
ಕೈ ಹಚ್ಚು ಮಾರಾಯ್ತಿ."