ಗೆದ್ದಲು ತಿಂದ ನಾಲ್ಕು ಆವರ್ತ

ಎಪ್ಪತ್ತೆರಡರ ಫೆಬ್ರವರಿ. ಪಾಲಿಬೆಟ್ಟದ ಬಂಗಲೆ ಕೈಬದಲಾಗಿ
ಹೊಸ ಮಾಲೀಕರು ಹೇಳಿ ಕಳಿಸಿದರು:
"ಟೀಚರ್, ಒಂದು ಪಿಯಾನೋ ಇದೆ, ಜೊತೆಗೊಂದು ಟ್ರಂಕು,
ಬೇಕಿದ್ದರೆ ಒಯ್ಯಿರಿ, ಬೇಡವಾದರೆ ಬಚ್ಚಲೊಲೆಗೆ."
ಮೆಣಸು ಒಣಗಿಸುವ ತಾಡಪಾಲು ಹೊದಿಸಿ
ಲಾರಿಯಲ್ಲಿ ಮಡಿಕೇರಿಗೆ ತಂದೆ.
ದಾರಿಯ ಪ್ರತಿ ತಿರುವಿನಲ್ಲೂ ಒಳಗೇನೋ
ತನ್ನಷ್ಟಕ್ಕೆ ನರಳಿತು.

ಕುಂಞಪ್ಪ ಆಚಾರಿಯದು ಕೋವಿಗೆ ಹಿಡಿ ಕೂರಿಸುವ ಕೈ,
ಪಿಯಾನೋ ಹೊಸತು.
ಮುಚ್ಚಳ ಬಿಚ್ಚಿ, ಎಂಬತ್ತೆಂಟು ಸುತ್ತಿಗೆ ಎಣಿಸಿ,
ನುಸಿ ತಿಂದ ಉಣ್ಣೆಯ ಮೂತಿ ತಡವಿ ಕೇಳಿದ,
"ಕರಿ ಬಟ್ಟೆ ಇದೆಯೇ ಅಮ್ಮ, ದಪ್ಪನೆಯದು?"
ಇತ್ತು. ಬಸ್ರಾದಿಂದ ಬದುಕಿ ಬಂದ ಅಜ್ಜನ ಕುಪ್ಯ,
ಬೆನ್ನು ಜಿರಳೆಯ ಪಾಲು, ತೋಳಿನ್ನೂ ಗಟ್ಟಿ.
ಕತ್ತರಿ ಹಾಕುವಾಗ ಅಪ್ಪ
ಎದ್ದು ಅಂಗಳಕ್ಕೆ ಹೋಗಿ ನಿಂತರು.
ಅಂದಿನಿಂದ ಮಂದ್ರದ ಒಂಬತ್ತು ಸ್ವರ
ಎದೆಯೊಳಗಿಂದ ಮಾತಾಡುತ್ತವೆ.

ಟ್ರಂಕಿನ ತುಂಬ ಹಾಡು. ಲಂಡನ್ನಿನ ಅಚ್ಚು,
ಹನ್ನೆರಡನೇ ಇಸವಿ, ಹದಿಮೂರು, ಬೆಲೆ ಮೂರು ಶಿಲಿಂಗು.
ಅದರಲ್ಲೊಬ್ಬ ಹ್ಯೂ ಪೆಂಡ್ರಿ,
ನಾನು ಹುಡುಕಿದ ಯಾವ ಪುಸ್ತಕವೂ ಅರಿಯದವನು.
ಐದೇ ಹಾಡು: ಕುರುಬ, ಬೇಲಿ, ದೋಣಿ, ಸಂಜೆಯ ಗಂಟೆ,
ಮತ್ತೆ ಮೇ ತಿಂಗಳು.
ಆರನೆಯದನ್ನು ಬರೆಯುವ ಹೊತ್ತಿಗೆ
ಫ್ರಾನ್ಸಿನ ಕೆಸರು ಕರೆದಿರಬೇಕು, ಅವನ ವಾರಿಗೆಯವರ ಹಾಗೆ.

ಅವನ ಮೇ ಬೇರೆ. ಬೇಲಿ ಬಿಳಿಯಾಗುವುದು ಅಲ್ಲಿ ಆಗಂತೆ.
ನಮ್ಮ ಬಿಳುಪು ಮಾರ್ಚಿನಲ್ಲೇ ಬಂದು ಹೋಗಿರುತ್ತದೆ,
ಹೂಮಳೆ ಬಿದ್ದ ಒಂಬತ್ತನೇ ದಿನ ಇಡೀ ತೋಟ ಅರಳಿ
ಮೂರೇ ದಿನದಲ್ಲಿ ಕಂದಿ.
ಮೇಯಲ್ಲಿ ನಾವು ಸೌದೆ ಒಳಗೆ ಹಾಕುತ್ತೇವೆ, ಅಷ್ಟೆ.
ಯಾರೋ ಪೆನ್ಸಿಲ್ಲಿನಲ್ಲಿ 'ಮೇ' ಹೊಡೆದು
'ಮಾರ್ಚ್' ಎಂದು ಬರೆದಿದ್ದರು,
ಆಮೇಲೆ ಅದನ್ನೂ ಹೊಡೆದಿದ್ದರು.
ಹಾಡಿ ನೋಡಿದೆ. ಸರಿಯೇ.
ಆ ಸ್ವರ ಉದ್ದ, ಹಿಡಿಯಬೇಕು.
ಮೇ ಎಂದರೆ ಬಾಯಿ ತೆರೆದಿರುತ್ತದೆ,
ಮಾರ್ಚ್ ಎಂದರೆ ಮುಚ್ಚಿಕೊಳ್ಳುತ್ತದೆ.

ಪೆನ್ಸಿಲ್ಲು ಮಿಸೆಸ್ ಥಾರ್ಲಿಯದು. ಸಾಲಿನ ನೆತ್ತಿಯಲ್ಲಿ ಅಲ್ಲಲ್ಲಿ
ಸಣ್ಣ ಅಲ್ಪವಿರಾಮ, ಇಲ್ಲಿ ಉಸಿರು.
ಅವಳು ಮೂರು ಸಲ ಉಸಿರೆಳೆದಲ್ಲಿ ನನಗೆ ಒಂದು ಸಾಕು.
ಆದರೂ ಅವಳು ನಿಂತಲ್ಲೆಲ್ಲ ನಿಂತೆ.
ಅರವತ್ತು ವರ್ಷದ ಹಿಂದಿನ ಗಾಳಿ.

ದೋಣಿಯ ಹಾಡಿನಲ್ಲಿ ಮಾತ್ರ, ಮೇಲಕ್ಕೆ ಹತ್ತುವಲ್ಲಿ,
ಗೆದ್ದಲು ನಾಲ್ಕು ಆವರ್ತ ತಿಂದಿತ್ತು.
ಹಾಳೆ ಎತ್ತಿ ಹಿಡಿದರೆ ಕಿಟಕಿ ಕಂಡಿತು.

ಲೈನ್‌ಮನೆಯಲ್ಲಿ ಎರವರ ಬೊಳ್ಳಿ ಇದ್ದಾಳೆ ಎಂದರು,
ಆ ಅಮ್ಮನ ಮಗು ಎತ್ತಿದವಳು.
ಹೋದೆ. ಅವಳು ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ.
ಮೊದಲ ಸಾಲು ಗುನುಗಿದ್ದೇ ತಡ
ಎರಡನೆಯದು ಅವಳ ಬಾಯಲ್ಲಿತ್ತು,
ಮಾತಿಲ್ಲದೆ, ಸ್ವರ ಒಂದೂ ಜಾರದೆ.
ಬೆನ್ನು ನೆಟ್ಟಗೆ ಮಾಡಿ ಕಾದೆ: ಈಗ ಬಂತು, ಹತ್ತುವ ಜಾಗ.
ಬೊಳ್ಳಿ ಕೆಮ್ಮಿದಳು.
ನಾಲ್ಕು ಸಲ, ಒಣಗಿ, ದೊರೆಸಾನಿಯ ಹಾಗೆ ಮುಷ್ಟಿ ಬಾಯಿಗಿಟ್ಟು.
ಮತ್ತೆ ಆಚೆಯ ದಡದಿಂದ ಎತ್ತಿಕೊಂಡಳು.
"ಯಾವಾಗಲೂ ಹೀಗೆಯೇ?"
"ಯಾವಾಗಲೂ. ಬಿಸಿನೀರು ಹಿಡಿದು
ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ."

ಹಾಗಾದರೆ ಆ ನಾಲ್ಕನ್ನು
ಈ ಸೀಮೆಯಲ್ಲಿ ಯಾರೂ ಕೇಳಿಯೇ ಇಲ್ಲ.
ಹಾಡದೆ ಉಳಿದದ್ದನ್ನಷ್ಟೇ ತಿಂದಿದೆ
ಲೆಕ್ಕ ಗೊತ್ತಿದ್ದ ಗೆದ್ದಲು.

ನವೆಂಬರಿನಲ್ಲಿ ಕಾನ್ವೆಂಟಿನ ಹಾಲ್‌ನಲ್ಲಿ ಹಾಡಿದೆ.
ಬೊಳ್ಳಿಯನ್ನು ಜೀಪಿನಲ್ಲಿ ಕರೆಸಿದ್ದೆ, ಮುಂದಿನ ಬೆಂಚು.
ಕಿಟಕಿಯ ಜಾಗ ಬಂದಾಗ ಬಾಯಿ ಮುಚ್ಚಿ
ಅಜ್ಜನ ತೋಳಿನ ಒಂದು ಸ್ವರ ಒತ್ತಿ ಹಿಡಿದೆ.
ಮರೆತಳೆಂದು ಸಿಸ್ಟರ್ ಫಿಲೊಮಿನಾ ಪದ ಪಿಸುಗಿದರು.
ಹಿಂದೆ ಯಾರದೋ ಕುರ್ಚಿ ಕಿರುಗುಟ್ಟಿತು.
ಬೊಳ್ಳಿ ಮಾತ್ರ, ಅರ್ಧ ಎದ್ದು,
ಲೋಟಕ್ಕಾಗಿ
ಸುತ್ತಲೂ ನೋಡಿದಳು.