ಏಳನೆಯ ಮಣಿ

ಡಾಕ್ಟರು ಪರದೆಯ ಮೇಲೆ ಮೂರು ಗೆರೆ ಎಳೆದರು,
ಗೆರೆಗಳ ನಡುವೆ ನಲವತ್ತೇಳು ಡಿಗ್ರಿ.
ಅರವತ್ತು ಇರಬೇಕಿತ್ತು ಎಂದರು
ನಾಳೆಯ ಹಿಮ ಎಷ್ಟೆಂದು ಹೇಳುವ ದನಿಯಲ್ಲಿ.
ಹೊಕ್ಕುಳು ಕೂಡ ಒಣಗಿರಲಿಲ್ಲ,
ಆಗಲೇ ನನ್ನ ಮಗಳ ಮೇಲೆ ಹದಿಮೂರು ಸಾಲ.

ಸೊಂಟದ ಬಟ್ಟಲು ಆಳವಿಲ್ಲ, ಗುಂಡು ನಿಲ್ಲುವುದಿಲ್ಲ.
ಬಸ್ ಡಿಪೋದ ಕ್ಯಾಂಟೀನಿನಲ್ಲಿ ದಿನಕ್ಕೆ ಇನ್ನೂರು ಬಟ್ಟಲು
ಸೂಪು ಬಡಿಸಿದವಳು ನಾನು.
ಆಳವಿಲ್ಲದ್ದು ಏನು ಮಾಡುತ್ತದೆಂದು ಗೊತ್ತು:
ಚೆಲ್ಲುತ್ತದೆ.

ಬೆಟ್ಟದ ಮೇಲಿನ ನಮ್ಮ ಗೆರ್‌ನಲ್ಲಿ
ಅತ್ತೆ ತ್ಸೆರೆನ್‌ದುಲಮ್ ಕುರಿದೊಗಲು ಹಾಸಿ ಕಾದಿದ್ದರು,
ಪಕ್ಕದಲ್ಲಿ ಮೂರು ಪಟ್ಟಿ:
ಎದೆಗೊಂದು, ಮಂಡಿಗೊಂದು, ಮೀನಖಂಡಕ್ಕೊಂದು.
ಐದು ಮಕ್ಕಳನ್ನು ಸುತ್ತಿ ನೆಟ್ಟಗೆ ಮಾಡಿದ ಕೈ.
"ಕಾಲು ಕಟ್ಟಬಾರದಂತೆ" ಅಂದೆ.
"ಯಾರಂತೆ?" ಅಂದರು.
ಒಲೆಯ ಬಾಯಿ ಮುಚ್ಚಿದರು. ಮತ್ತೆ ತೆರೆದರು.

ಪಟ್ಟಿಯ ಬದಲು ಈಗ ಇದು:
ಹೆಗಲಿಗೆ ಸರಂಜಾಮು, ತೊಡೆಗೆ ಎರಡು ದೊನ್ನೆ, ನಡುವೆ ಕಂಬಿ,
ಹೆಗಲಿಂದ ತೊಡೆಗೆ ಇಳಿದ ಬಿಳಿ ಮಣಿಸರ.
ಏಳನೆಯ ಮಣಿಗೆ ಸಿಕ್ಕಿಸಬೇಕು.
ಆರಲ್ಲ. ಎಂಟಲ್ಲ.
ಹಗಲೂ, ರಾತ್ರಿಯೂ, ಹಾಲು ಕುಡಿಯುವಾಗಲೂ.

ಮೊದಲ ವಾರ ಅವಳು ಅತ್ತಳು, ನಾನು ಅತ್ತೆ,
ಅತ್ತೆ ಅಳಲಿಲ್ಲ.
ಯಾವ ಅಂಗಿಯೂ ಹಿಡಿಸದೆ
ಗನ್‌ಸುಖ್ ತನ್ನ ಹಳೇ ನಿಲುವಂಗಿ ಕತ್ತರಿಸಿ
ಕೆಳಗೆ ಅಗಲವಾದ ಚೀಲ ಹೊಲಿದ,
ವಕ್ರ ಹೊಲಿಗೆ, ಡ್ರೈವರನ ಹೊಲಿಗೆ.
ನೀರಿನ ಸಾಲಿನಲ್ಲಿ ಯಾರೋ ಕೇಳಿದಳು:
ಬಸುರಿಯಲ್ಲಿ ಹಗ್ಗ ದಾಟಿದ್ದೆಯಾ?
ರಾತ್ರಿ ಮಲಗಿ, ದಾಟಿದ್ದನ್ನೆಲ್ಲ ನೆನೆದೆ:
ಚರಂಡಿ, ಟ್ರಾಲಿ ಬಸ್ಸಿನ ಮೆಟ್ಟಿಲು,
ಒಮ್ಮೆ ಅಮ್ಮನ ಮಾತು.

ಕರೆಂಟು ಹೋದ ಒಂದು ರಾತ್ರಿ ಎಚ್ಚರಾಯಿತು.
ಒಲೆಯ ಕೆಂಪಿನಲ್ಲಿ ಅತ್ತೆಯ ಬೆನ್ನು,
ಮಗುವಿನ ಎದೆಯ ಮೇಲೆ ಅವರ ಬೆರಳು.
ಬಿಚ್ಚುತ್ತಿದ್ದಾರೆ!
ಮೈಯೆಲ್ಲ ಬೆಂಕಿಯಾಗಿ ಎದ್ದೆ.
"ಶ್," ಅಂದರು, ತಿರುಗದೆ,
"ಸಂಜೆ ಮೀಯಿಸಿದ ಮೇಲೆ ಎಡಗಡೆ
ಆರಕ್ಕೆ ಹಾಕಿದ್ದೆ ನೀನು."

ನಲವತ್ತು ವರ್ಷ ಜಪಮಾಲೆಯ ನೂರೆಂಟನ್ನು
ಕತ್ತಲಲ್ಲೇ ಎಣಿಸಿದ ಬೆರಳು.
ಏಳು ಅದಕ್ಕೆ ಯಾವ ಲೆಕ್ಕ.
ನಾನು ಏನೂ ಅನ್ನಲಿಲ್ಲ. ಅನ್ನಬೇಕಿತ್ತು.
ಕಾಲಗಲಿಸಿ ನಿದ್ದೆಹೋದ ಖೊಂಗೊರ್‌ಜುಲಳ
ಹಿಮ್ಮಡಿ ಸವರುತ್ತ ಅವರೇ ಅಂದರು:
"ಸವಾರಳು ಕಣೆ ಇವಳು.
ಜೀನಿನ ಮೇಲೆ ಕೂತಾಗಿದೆ,
ಕುದುರೆ ಬರುವುದು ತಡ, ಅಷ್ಟೆ."

ಆ ಮೂರು ಪಟ್ಟಿಯಲ್ಲಿ ಒಂದು
ಈಗ ಅವರ ಸೊಂಟದಲ್ಲಿದೆ, ಕಲ್ಲಿದ್ದಲು ತರಲು ಹೋಗುವಾಗ.
ಉಳಿದೆರಡು ಎಲ್ಲಿವೆಯೋ, ಕೇಳಿಲ್ಲ.

ಇವತ್ತು ಪರದೆಯ ಮೇಲೆ ಐವತ್ತನಾಲ್ಕು.
ಆಸ್ಪತ್ರೆಯ ಎದುರಿನ ನಿಲ್ದಾಣದಲ್ಲಿ ನಿಂತಿದ್ದೇನೆ,
ಚೀಲದೊಳಗೆ ಮಗು, ಚೀಲದ ಹೊರಗೆ ಮೈನಸ್ ಇಪ್ಪತ್ತೆಂಟು.
ಆಚೆ ದಾರಿಯಲ್ಲಿ ಗನ್‌ಸುಖನ ಬಸ್ಸು ಹೋಗುತ್ತಿದೆ.
ಉಳಿದದ್ದು ಆರು ಎಂದು ತೋರಿಸಲು
ಎರಡೂ ಕೈ ಎತ್ತಿದೆ: ಇದರಲ್ಲಿ ಐದು, ಅದರಲ್ಲಿ ಒಂದು.
ಗವಸಿನೊಳಗೆ ಬೆರಳೆಲ್ಲ ಒಂದೇ ಮುದ್ದೆ.
ಅವನಿಗೆ ಏನು ಕಂಡಿತೋ,
ಹಾರನ್ ಮಾತ್ರ ಹೊಡೆದ.